ಗೆರೆಯಿಲ್ಲದ ನಡಾವಳಿ ಪುಸ್ತಕ

ಮಕ್ಕಳೇ, ಮೈದಾ ಹಿಟ್ಟೆಂದರೆ ನಿಮಗೆ ಪರೋಟ, ಬಿಸ್ಕತ್ತು, ಹುಟ್ಟುಹಬ್ಬದ ಕೇಕು. ನನಗೆ ಮಾತ್ರ ಅದು ಅಂಟು. ಮದುವೆಯಾಗಿ ಕೋಣಂದೂರಿನ ಈ ಮನೆಗೆ ಬಂದ ಮರುವಾರವೇ ಅತ್ತೆ ನನಗೆ ಕಲಿಸಿದ ಮೊದಲ ಅಡುಗೆ ಯಾರೂ ಉಣ್ಣದ ಅಡುಗೆ. ಒಂದು ಪಾವು ಮೈದಾಕ್ಕೆ ನಾಲ್ಕು ಪಾವು ನೀರು, ಗಂಟು ಕಟ್ಟದ ಹಾಗೆ ತಿರುವುತ್ತಲೇ ಇರಬೇಕು, ಇಳಿಸುವ ಹೊತ್ತಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಬೇಕು. ತುತ್ತ ಬಿದ್ದೊಡನೆ ಅಂಟು ತಿಳಿನೀಲಿಗೆ ತಿರುಗುತ್ತದೆ, ಆಮೇಲೆ ಹುಳವಾಗಲಿ ಜಿರಲೆಯಾಗಲಿ ಅದರ ಹತ್ತಿರ ಸುಳಿಯುವುದಿಲ್ಲ. ಪುಸ್ತಕಕ್ಕೆ ರಟ್ಟು ಹಾಕುವವರ ಮನೆಯಲ್ಲಿ ಅನ್ನಕ್ಕಿಂತ ಮೊದಲು ಒಲೆಗೇರುವುದು ಇದೇ. ತಿರುವುವಾಗ ಕೈಗೆ ಕೆಲಸ, ಮನಸ್ಸಿಗೆ ರಜೆ. ನನ್ನ ಬದುಕಿನ ಯೋಚನೆಗಳಲ್ಲಿ ಮುಕ್ಕಾಲು ಪಾಲನ್ನು ನಾನು ಅಂಟು ತಿರುವುತ್ತಲೇ ಮಾಡಿದ್ದು. ಅದಕ್ಕೇ ಇರಬೇಕು, ಒಂದನ್ನು ಎತ್ತಿಕೊಂಡರೆ ಇನ್ನೊಂದು ಅಂಟಿಕೊಂಡೇ ಬರುತ್ತದೆ, ಬಿಡಿಸಿ ಬರೆಯುವುದು ಕಷ್ಟ.

ಆದರೂ ಬಿಡಿಸಿ ಬರೆಯಲೇಬೇಕಾದ ಒಂದು ವಿಷಯವಿದೆ. ನಡುಮನೆಯ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿರುವ ಕೆಂಪು ರಟ್ಟಿನ ಪುಸ್ತಕಗಳು ಯಾವುವೆಂದು ಹೋದ ರಜೆಯಲ್ಲಿ ನೀವಿಬ್ಬರೂ ಕೇಳಿದಿರಿ. ನಾನು ಒಗ್ಗರಣೆ ಸೀಯುತ್ತಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ. ಈಗ ನೀವು ಮತ ಹಾಕುವ ವಯಸ್ಸಿನವರು, ನಾನು ತಪ್ಪಿಸಿಕೊಂಡು ಓಡಾಡುವ ವಯಸ್ಸು ದಾಟಿದವಳು. ಎದುರು ಕೂತು ಹೇಳಲು ಈಗಲೂ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರಗಳಿವೆ, ಅವಕ್ಕೆ ನನಗಿಂತ ಧೈರ್ಯ ಹೆಚ್ಚು, ಅವನ್ನೇ ಮುಂದೆ ಕಳಿಸುತ್ತಿದ್ದೇನೆ.

ನಿಮ್ಮ ಅಜ್ಜ ಊರೂರಿನ ಸೊಸೈಟಿ, ಶಾಲೆ, ದೇವಸ್ಥಾನಗಳ ರಿಜಿಸ್ಟರುಗಳಿಗೆ ರಟ್ಟು ಹಾಕುತ್ತಿದ್ದರು. ಹೊಲಿಗೆ ನನ್ನದು, ರಟ್ಟು ಅವರದು. ಅದು ಹೊಟ್ಟೆಪಾಡು. ಅವರ ಹಂಬಲ ಬೇರೆ ಇತ್ತು. ಅವರು ಹಳೆಯ ಫೋಟೋ ಪುಸ್ತಕಗಳನ್ನು ಕೂಡಿಡುತ್ತಿದ್ದರು. ಬೆಟ್ಟ ಗುಡ್ಡ, ಹುಲಿ, ಅರಮನೆಗಳ ಫೋಟೋ ಅವರಿಗೆ ಬೇಡ. ಮನುಷ್ಯರದು ಬೇಕು. ಮುಖ ಮಾತ್ರ ಇರುವ ಪುಸ್ತಕಗಳು ಅರ್ಧ, ಮೈಮೇಲೆ ಬಟ್ಟೆಯಿಲ್ಲದೆ ನಿಂತ, ಕೂತ, ಮಲಗಿದ ಹೆಂಗಸರು ಗಂಡಸರು ಇರುವ ಪುಸ್ತಕಗಳು ಇನ್ನರ್ಧ. ಬರೆದಾಯಿತು. ಇದನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು, ನೀವು ಮೂರು ಗಳಿಗೆಯಲ್ಲಿ ಓದಿ ಮುಗಿಸಿದಿರಿ.

ಅವು ಸಿಗುತ್ತಿದ್ದದ್ದಾದರೂ ಎಂಥ ಜಾಗಗಳಲ್ಲಿ! ಮಾಸ್ತಿಕಟ್ಟೆಯ ಕಾಲನಿಯಲ್ಲಿದ್ದ ಯಾರೋ ಇಂಜಿನಿಯರರಿಗೆ ವರ್ಗವಾದರೆ, ಅವರು ಲಾರಿಗೆ ಸಾಮಾನು ತುಂಬುವ ಹೊತ್ತಿಗೆ ಸರಿಯಾಗಿ ಅಜ್ಜ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಹೊರಲಾರದ ಪುಸ್ತಕಗಳು ಅಲ್ಲಿ ಕೈಬದಲಾಗುತ್ತಿದ್ದವು. ಸಾಗರದ ಗುಜರಿ ಅಂಗಡಿಗೆ ತಿಂಗಳಿಗೊಮ್ಮೆ ಹೋಗಿ ತೂಕದ ಕಾಗದದ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಕೂರುತ್ತಿದ್ದರು. ಮನೆಗೆ ತಂದ ಮೇಲೆ ಸಂಜೆ ಹೊತ್ತು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹಾಳೆ ತಿರುವುತ್ತ, ಕಾಗದದ ನಯಕ್ಕೆ, ಅಚ್ಚಿನ ಕಪ್ಪಿನ ಆಳಕ್ಕೆ ತಲೆದೂಗುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಬೇರೆ ಯಾವುದೋ ಶಾಲೆಯ ಹಾಜರಿ ಪುಸ್ತಕ ಹೊಲಿಯುತ್ತ, ನನ್ನ ಸೂಜಿಯ ಕಣ್ಣನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಒಮ್ಮೆ ತಡೆಯಲಾರದೆ ಕೇಳಿದೆ, "ಎಂಥ ನೋಡ್ತೀರಿ ಅದ್ರಲ್ಲಿ ಅಷ್ಟು ಹೊತ್ತು?"

"ನಿನ್ನ ಮುಖ ನಾನು ದಿನಾ ನೋಡ್ತೀನಲ್ಲ, ಆಗ ನಿಂಗೆ ನಾಚಿಕೆ ಆಗಲ್ವನಾ?"

"ಮುಖಕ್ಕೆಂಥ ನಾಚಿಕೆ?"

"ಮುಖವೂ ಬತ್ತಲೆಯೇ ಕಣೆ. ರೂಢಿಯಾಗಿದೆ ಅಷ್ಟೇ. ಇವ್ರು ಮುಖವನ್ನ ಸ್ವಲ್ಪ ಕೆಳಗಿನವರೆಗೆ ಎಳ್ದಿದಾರೆ."

ನಾನು ಸೆರಗು ಎಳೆದುಕೊಂಡು ಅಂಟು ನೋಡಲು ಎದ್ದು ಹೋದೆ. ಆದರೆ ಆ ಮಾತು ಹೋಗಲಿಲ್ಲ. ಅಲ್ಲಿಂದಾಚೆಗೆ ಸಂತೆಯಲ್ಲಿ ಯಾರಾದರೂ ನನ್ನನ್ನು ನೇರವಾಗಿ ನೋಡಿದರೆ ಬರಿಮೈಯಲ್ಲಿ ನಿಂತ ಹಾಗೆ ಆಗಿ, ತಲೆ ಇನ್ನೂ ಎರಡು ಬೆರಳು ಕೆಳಗೆ ಬಗ್ಗುತ್ತಿತ್ತು. ಅವರು ನನ್ನ ನಾಚಿಕೆ ಕಳೆಯಲು ಆಡಿದ ಮಾತು ನಾಚಿಕೆಗೆ ಹೊಸದೊಂದು ಜಾಗ ತೋರಿಸಿಕೊಟ್ಟಿತು.

ಇಂಥ ಪುಸ್ತಕಗಳನ್ನು ಮಕ್ಕಳಿರುವ ಮನೆಯಲ್ಲಿ, ಹತ್ತು ಜನ ಬಂದು ಹೋಗುವ ಜಗಲಿಯ ಹಿಂದೆ ಎಲ್ಲಿಡುವುದು? ಅಟ್ಟದಲ್ಲಿಟ್ಟರೆ ಇಲಿ, ಪೆಟ್ಟಿಗೆಯಲ್ಲಿಟ್ಟರೆ ತೇವ. ಅಜ್ಜ ತಮ್ಮ ಕಸುಬಿನಲ್ಲೇ ಉಪಾಯ ಕಂಡರು. ಅಷ್ಟೂ ಪುಸ್ತಕಗಳಿಗೆ ಸೊಸೈಟಿಯವರ ರಿಜಿಸ್ಟರಿಗೆ ಹಾಕುವ ಕೆಂಪು ರಟ್ಟನ್ನೇ ಹಾಕಿ, ಬೆನ್ನಿಗೆ ಕಪ್ಪು ಬಟ್ಟೆ ಅಂಟಿಸಿ, ಮೇಲೆ ಬಿಳಿ ಚೀಟಿಯಲ್ಲಿ ದುಂಡಗೆ 'ನಡಾವಳಿ' ಎಂದು ಬರೆದು ಗಾಜಿನ ಬೀರುವಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಜೋಡಿಸಿದರು. ಸಭೆಯಲ್ಲಿ ಯಾರು ಬಂದರು, ಏನು ಠರಾವಾಯಿತು, ಯಾರು ಅನುಮೋದಿಸಿದರು ಎಂದು ಬರೆದಿಡುವ ಪುಸ್ತಕವನ್ನು ಈ ಭೂಮಿಯ ಮೇಲೆ ಯಾರೂ ತಾವಾಗಿ ತೆರೆದು ಓದುವುದಿಲ್ಲ ಎನ್ನುವುದು ಅವರ ದೃಢ ನಂಬಿಕೆ. ಆ ನಂಬಿಕೆ ನಿಜವಾಯಿತು. ನೆಂಟರು ಅದಕ್ಕೆ ಬೆನ್ನೊರಗಿಸಿ ಕಾಫಿ ಕುಡಿದರು. ನಿಮ್ಮ ಅಪ್ಪ ಅದರ ಮುಂದೆಯೇ ಕೂತು ಹತ್ತನೆಯ ತರಗತಿಗೆ ಓದಿದ. ನಿಮ್ಮ ಅಮ್ಮ ಬಂದ ಮೇಲೆ ವಾರಕ್ಕೊಮ್ಮೆ ಅವುಗಳ ಧೂಳು ಒರೆಸಿದಳು. ಒಬ್ಬರೂ ತೆರೆಯಲಿಲ್ಲ.

ಆ ಸಾಲಿನಲ್ಲಿ ಒಂದು ಪುಸ್ತಕ ಅಜ್ಜನಿಗೆ ಜೀವ. ಯಾವುದೋ ದೂರದೇಶದ ಚಿಕ್ಕ ಊರಿನ ಫೋಟೋಗ್ರಾಫರ್ ಒಬ್ಬ ತನ್ನ ಊರಿನವರನ್ನೇ, ರೊಟ್ಟಿ ಸುಡುವವನು, ಅಂಚೆಯವನು, ಬಟ್ಟೆ ಒಗೆಯುವ ಮುದುಕಿ, ಹೀಗೆ ಒಬ್ಬೊಬ್ಬರನ್ನೇ ಮೊದಲು ಮುಖ ಮಾತ್ರ ತೆಗೆದು, ಪುಸ್ತಕದ ಹಿಂದಿನ ಭಾಗದಲ್ಲಿ ಅದೇ ಜನರನ್ನು ಬಟ್ಟೆಯಿಲ್ಲದೆ ತೆಗೆದು ಅಚ್ಚು ಹಾಕಿಸಿದ್ದನಂತೆ. ಅಚ್ಚಾದ ಪ್ರತಿಗಳೇ ಕೆಲವು, ಉಳಿದವು ಇನ್ನೂ ಕಡಿಮೆ. ಹನ್ನೊಂದು ವರ್ಷ ಹೆಸರು ಮಾತ್ರ ಕೇಳಿದ್ದ ಆ ಪುಸ್ತಕ ಸಾಗರದ ಗುಜರಿಯಲ್ಲಿ ಹೊಲಿಗೆ ಯಂತ್ರದ ಕೈಪಿಡಿಗಳ ಕೆಳಗೆ ಸಿಕ್ಕಿತು, ಆದರೆ ಒಂದು ಹಾಳೆ ಇರಲಿಲ್ಲ. ಆ ಹಾಳೆಗಾಗಿ ಅಜ್ಜ ಮತ್ತೆ ನಾಲ್ಕು ವರ್ಷ ಕಣ್ಣು ತೆರೆದುಕೊಂಡೇ ಓಡಾಡಿದರು. ಕೊನೆಗೆ ಹೊಸನಗರದಲ್ಲಿ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ, ಮಾರಲು ಇಟ್ಟಿದ್ದ ಒಂದು ಲಕ್ಷ್ಮಿಯ ಪಟದ ಬೆನ್ನು ಹರಿದಿದ್ದು ಕಂಡು ಇಣುಕಿದರೆ, ದೇವಿಯ ಹಿಂದೆ ಒತ್ತುಗಾಗದವಾಗಿ ಕೂತಿದ್ದದ್ದು ಅದೇ ಹಾಳೆ. ಅಂಗಡಿಯವನೂ ಹಳೇ ಕಾಗದ ತರುತ್ತಿದ್ದದ್ದು ಅದೇ ಗುಜರಿಯಿಂದ. ಅಜ್ಜ ಚೌಕಾಸಿ ಮಾಡದೆ ಲಕ್ಷ್ಮಿಯನ್ನು ಮನೆಗೆ ಕರೆತಂದರು. ಎಂದೂ ಇಲ್ಲದ ಈ ಭಕ್ತಿಗೆ ನಮ್ಮ ಅತ್ತೆಗೆ ಕಣ್ಣೀರೇ ಬಂತು.

ಅವರು ಹೋಗಿ ಈಗ ಮೂರು ವರ್ಷ. ಹೋಗುವ ಮೊದಲು ಆಸ್ಪತ್ರೆಯಲ್ಲಿ ಜಮೀನಿನ ಮಾತಾಡಲಿಲ್ಲ, ಮನೆಯ ಮಾತಾಡಲಿಲ್ಲ. "ಆ ಪುಸ್ತಕದ ಬೆನ್ನು ಸಡಿಲಾಗಿದೆ. ನೀನೇ ಹೊಲಿ, ಬೇರೆಯವರ ಕೈಗೆ ಕೊಡಬೇಡ" ಎಂದರು. ನಾನು ಹೂಂ ಎಂದೆ. ಹೂಂ ಎಂದದ್ದನ್ನು ಮಾಡಲು ನನಗೆ ಎರಡು ವರ್ಷ ಬೇಕಾಯಿತು, ಏಕೆಂದರೆ ನೋಡದೆ ಹೊಲಿಯುವ ವಿಧಾನವೊಂದನ್ನು ಮೊದಲು ಕಂಡುಹಿಡಿಯಬೇಕಾಗಿತ್ತು. ಕೊನೆಗೆ ಹಾಳೆಗಳ ಮೇಲೆ ಒಂದು ಅಡ್ಡಪಂಚೆ ಹೊದಿಸಿ, ಮಡಿಕೆಯ ಅಂಚು ಮಾತ್ರ ಹೊರಗೆ ಬಿಟ್ಟುಕೊಂಡು ಹೊಲಿದೆ. ಅಪರೂಪದ ಪುಸ್ತಕವೊಂದನ್ನು ಪಂಚೆ ಉಡಿಸಿ ರಿಪೇರಿ ಮಾಡಿದ ಬೈಂಡರು ನಾನೊಬ್ಬಳೇ ಇರಬೇಕು.

ಅದೇ ವಾರ ಕವಲೇದುರ್ಗದ ಕಡೆಯ ಒಂದು ಊರಿನ ಹಾಲಿನ ಸೊಸೈಟಿಯವರು ಹೊಸ ನಡಾವಳಿ ಪುಸ್ತಕ ಹೇಳಿದ್ದರು. ಊರಿನ ಹೆಸರು ಬರೆಯುವುದಿಲ್ಲ, ಅವರು ಈಗಲೂ ನಮ್ಮ ಗಿರಾಕಿಗಳು. ಅದೂ ಕೆಂಪು ರಟ್ಟು, ಅದೂ ಕಪ್ಪು ಬೆನ್ನು, ಅದಕ್ಕೂ ಬಿಳಿ ಚೀಟಿ. ಎರಡೂ ಒಂದೇ ಮಣೆಯ ಮೇಲೆ ಕಲ್ಲಿನ ಭಾರದಡಿ ಒಣಗುತ್ತಿದ್ದವು. ಸಭೆಯ ದಿನ ಬೆಳಿಗ್ಗೆಯೇ ಅಲ್ಲಿನ ಕಾರ್ಯದರ್ಶಿ ಮಂಜಪ್ಪ ಬೈಕಿನಲ್ಲಿ ಬಂದು ಜಗಲಿಯಲ್ಲಿ ನಿಂತರು. ಅಜ್ಜ ಹೋದ ಮೇಲೆ ನಾನು ಮಾಡಿಕೊಂಡಿರುವ ಪದ್ಧತಿ ನಿಮಗೆ ಗೊತ್ತು: ಗಂಡಸರು ಬಂದರೆ ಪುಸ್ತಕಕ್ಕೆ ಪೇಪರ್ ಸುತ್ತಿ ಬಾಗಿಲ ಸಂದಿಯಿಂದ ಬೆಂಚಿನ ಮೇಲಿಟ್ಟು ಒಳಗೆ ಸರಿಯುತ್ತೇನೆ. ತೆರೆದು ತೋರಿಸುವುದಿಲ್ಲ, ಏಕೆಂದರೆ ತೆರೆದು ತೋರಿಸಿದರೆ ಮಾತಾಡಬೇಕಾಗುತ್ತದೆ. ಅಂದೂ ಹಾಗೇ ಮಾಡಿದೆ. ಮಂಜಪ್ಪ "ಬತ್ತೀನಿ ಲೀಲಮ್ಮ" ಎಂದು ಬಾಗಿಲಿಗೆ ಹೇಳಿ ಹೊರಟರು.

ಮುಂದಿನದು ಅವರ ಬಾಯಿಂದ ಕೇಳಿದ್ದು. ಮೂರನೆಯ ದಿನ ಅದೇ ಜಗಲಿಯಲ್ಲಿ ಬಂದು ನಿಂತು ಬಹಳ ಹೊತ್ತು ಕಂಬ ನೋಡಿದರು.

"ಬೈಂಡಿಂಗ್ ಭಾರೀ ಗಟ್ಟಿ ಬಂದದೆ ಲೀಲಮ್ಮ."

ನಾನು ಬಾಗಿಲ ಹಿಂದಿನಿಂದ ಹೂಂ ಎಂದೆ.

"ಆದ್ರೆ ಅದ್ರಲ್ಲಿ ಗೆರೆ ಇರ್ಲಿಲ್ಲ."

"ಗೆರೆ ಇಲ್ವಾ? ಗೆರೆ ಹಾಳೆಯನ್ನೇ ಹೊಲಿದಿದೀನಲ್ಲ?"

"ಗೆರೆ ಒಂದು ಬಿಟ್ಟು ಉಳ್ದಿದ್ದೆಲ್ಲ ಇತ್ತು" ಎಂದರು ಮಂಜಪ್ಪ. ಅವರ ಕಿವಿ ಕೆಂಪಾಗಿದ್ದು ಬಾಗಿಲ ಸಂದಿಯಿಂದಲೂ ಕಂಡಿತು.

ನಾನು ಮಣೆಯ ಹತ್ತಿರ ಓಡಿದೆ. ಅಲ್ಲಿ ಉಳಿದಿದ್ದ ಪುಸ್ತಕ ತೆರೆದರೆ ನೀಟಾದ ನೀಲಿ ಗೆರೆಗಳು. ಅಷ್ಟು ಭಯ ಹುಟ್ಟಿಸುವ ಗೆರೆಗಳನ್ನು ನಾನು ಎಂದೂ ನೋಡಿರಲಿಲ್ಲ. ಅಲ್ಲೇ ಕುಕ್ಕರಿಸಿ ಕೂತೆ. ಮಂಜಪ್ಪ ಪಾಪ, ಕಂಬಕ್ಕೇ ಕಥೆ ಹೇಳುತ್ತ ಹೋದರು.

ಸಭೆ ತುಂಬಿತ್ತಂತೆ. ಅಧ್ಯಕ್ಷರಾದ ಪುಟ್ಟಪ್ಪಗೌಡರು ಸಹಿಗೆ ಪುಸ್ತಕ ಕಳಿಸಲು ಹೇಳಿದರು. ಮಂಜಪ್ಪ ತೆರೆದರೆ ಮೊದಲ ಬಲಪುಟದಲ್ಲಿ ಗಡ್ಡದ ಮುದುಕನೊಬ್ಬನ ಮುಖ, ಎಡಪುಟ ಖಾಲಿ. ಮುಂದಿನದರಲ್ಲೂ ಮುಖ. ಸಹಕಾರ ಚಳವಳಿಯ ಹಿರಿಯರ ಫೋಟೋಗಳನ್ನು ನಾನು ಭಕ್ತಿಯಿಂದ ಸೇರಿಸಿ ಹೊಲಿದಿದ್ದೇನೆ ಎಂದುಕೊಂಡು, ಎಡಪುಟದಲ್ಲಿ 'ವಾರ್ಷಿಕ ಮಹಾಸಭೆ, ಹಾಜರಿ' ಎಂದು ಬರೆದರಂತೆ. ಬರೆದ ಮೇಲೆ ಕುತೂಹಲಕ್ಕೆ ಪುಸ್ತಕದ ಹಿಂಭಾಗದ ಹಾಳೆ ಎತ್ತಿದರೆ ಅದೇ ಹಿರಿಯರು, ಹುಟ್ಟಿದ ಹಾಗೆ. ಅಂಚೆಯವನಿಗೆ ಮಾತ್ರ ತಲೆಯ ಮೇಲೆ ಟೊಪ್ಪಿ ಇತ್ತು.

"ಪುಸ್ತಕ ತಪ್ಪಿದೆ ಅಂದಿದ್ರೆ ಎಂಥ ಪುಸ್ತಕ ಅಂತ ಕೇಳ್ತಿದ್ರು. ಹೇಳೋದು ಹ್ಯಾಂಗೆ? ಹೆಂಗಸ್ರೂ ಇದ್ರು. ಮುಚ್ಚಿ ಮುಂದೆ ಕಳಿಸ್ಬಿಟ್ಟೆ" ಎಂದರು.

ಮುಂದೆ ಹೋದ ಪುಸ್ತಕ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿತು. ಮೊದಲ ಕೆಲವರು ಮುಖಗಳ ಪಕ್ಕ ಸಹಿ ಹಾಕಿದರು. ಒಂದೇ ಪುಟದಲ್ಲಿ ಸಾಲಾಗಿ ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರತಿಯೊಬ್ಬರೂ, ಹಿಂದಿನವನು ನೋಡಿದ ಪುಟವನ್ನೇ ನಾನೂ ನೋಡುತ್ತ ಕೂತರೆ ಅವನೇನೆಂದುಕೊಂಡಾನು ಎಂದು ಅವಸರದಲ್ಲಿ ಹಾಳೆ ಮಗುಚಿದರು, ಮಗುಚಿದ ಕಡೆ ಇನ್ನೂ ದೊಡ್ಡ ಸಂಕಟ ಕಾದಿತ್ತು, ಅದರ ಪಕ್ಕವೇ ಸಹಿ ಮಾಡಿ ದಾಟಿಸಿದರು. ಹೀಗೆ ನಲವತ್ತೊಂದು ಸದಸ್ಯರು, ನಲವತ್ತೊಂದು ಪುಟ. ಒಬ್ಬರೂ ಉಸಿರೆತ್ತಲಿಲ್ಲ. ಹಿಂದಿನವನು ಸುಮ್ಮನಿದ್ದಾನೆ ಎಂದರೆ ಇದರಲ್ಲಿ ಏನೋ ಕ್ರಮವಿದೆ ಎಂದೇ ಎಲ್ಲರೂ ತಿಳಿದರು. ಆ ಸಂಜೆ ಮಂಜಪ್ಪ ಅಳುವ ಹಾಗೆ ಹೋಗಿ ವಿಷಯ ಹೇಳಿದಾಗ ಪುಟ್ಟಪ್ಪಗೌಡರೇ ಬೆರಗಾದರಂತೆ. "ಹೌದನಾ? ಮೇಲಿಂದ ಎಂತೆಂಥದೋ ನಮೂನೆ ಬರ್ತದೆ ಮಾರಾಯ. ಇದೂ ಒಂದು ಹೊಸ ನಮೂನೆ ಅಂದ್ಕೊಂಡೆ."

ನನಗೆ ನಗು ಬರಲಿಲ್ಲ. ಈಗ ಬರುತ್ತದೆ.

"ಗುರುವಾರ ಎಲ್ಲರೂ ಬಂದು ಗೆರೆ ಪುಸ್ತಕಕ್ಕೆ ಮತ್ತೆ ಸಹಿ ಹಾಕ್ತಾರೆ. ಆಮೇಲೆ ಅದನ್ನ ಹಂಡೆ ಒಲೆಗೆ ಹಾಕೋದು ಅಂತ ಗೌಡ್ರು ಹೇಳಿದಾರೆ. ಯಾರದ್ದು, ಎಲ್ಲಿಂದ ಬಂತು, ಒಂದೂ ಕೇಳೋದು ಬೇಡ. ನಿಮ್ಮ ಯಜಮಾನ್ರ ಹೆಸರೂ ಉಳೀತದೆ, ನಮ್ದೂ ಉಳೀತದೆ." ಬೈಕಿನ ಕೀ ಕೈಗೆ ತೆಗೆದುಕೊಂಡು, "ನಮ್ದು ಅಂತ ನೀವೇ ಬಂದು ಹೇಳಿದ್ರೆ ಬೇರೆ ಮಾತು" ಎಂದು ಸೇರಿಸಿದರು. ನಾನು ಹಾಗೆ ಬಂದು ಹೇಳುವುದು ಸಾಧ್ಯವೇ ಇಲ್ಲವೆಂಬ ನೆಮ್ಮದಿ ಆ ದನಿಯಲ್ಲಿತ್ತು. ಗೆರೆ ಪುಸ್ತಕ ತೆಗೆದುಕೊಂಡು ಹೊರಟರು.

ಗುರುವಾರಕ್ಕೆ ಮೂರು ದಿನವಿತ್ತು. ಆ ಮೂರು ದಿನ ನಾನು ಅಂಟು ತಿರುವಿದ್ದೇ ತಿರುವಿದ್ದು. ಒಂದು ಸಲ ಅನಿಸಿತು, ಒಲೆಗೆ ಹೋದರೆ ಹೋಗಲಿ. ನಲವತ್ತು ವರ್ಷ ಊರೂರಿನ ಲೆಕ್ಕದ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟ ಮನುಷ್ಯನನ್ನು ಜನ ಸಾತ್ವಿಕನೆಂದು ನೆನೆಯುತ್ತಿದ್ದಾರೆ, ಒಂದು ಪುಸ್ತಕಕ್ಕಾಗಿ ಆ ನೆನಪಿಗೆ ಮಸಿ ಹಚ್ಚುವುದೇ? ಇನ್ನೊಂದು ಸಲ ಅನಿಸಿತು, ಅವರು ಹನ್ನೊಂದು ವರ್ಷ ಹುಡುಕಿದ್ದು, ನಾಲ್ಕು ವರ್ಷ ಒಂದು ಹಾಳೆಗೆ ಕಾದದ್ದು, ಕೊನೆಯ ಮಾತಿನಲ್ಲಿ ನನ್ನ ಕೈಗೇ ಕೊಟ್ಟದ್ದು ಅದನ್ನು. ನಾನು ಕಾಪಾಡಬೇಕಾದದ್ದು ಅವರ ಹೆಸರನ್ನೋ, ಅವರನ್ನೋ? ಹೆಸರೂ ಮನುಷ್ಯನೂ ಬೇರೆ ಬೇರೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಹೆಸರು ಉಟ್ಟ ಬಟ್ಟೆ. ಊರು ಅದನ್ನೇ ನೋಡಿ ನಮಸ್ಕಾರ ಮಾಡುತ್ತದೆ. ಬಟ್ಟೆಯ ಒಳಗೊಬ್ಬರು ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಕೂತಿದ್ದರು, ಅವರನ್ನು ಬಲ್ಲವಳು ನಾನೊಬ್ಬಳೇ.

ನೀವು ಇದರಲ್ಲಿ ಧೈರ್ಯ ಹುಡುಕಬೇಡಿ. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದವಳು ಎರಡು ಸಲ ಇಳಿಯಲು ಎದ್ದೆ. ಎರಡೂ ಸಲ ಕಂಡಕ್ಟರು "ಇನ್ನೂ ಬಂದಿಲ್ಲ, ಕೂತ್ಕಳಿ ಅಮ್ಮಾ" ಎಂದರು. ಅವರಿಗೆ ತಿಳಿಯದೆಯೇ ಅವರೇ ನನ್ನನ್ನು ಅಲ್ಲಿಗೆ ಮುಟ್ಟಿಸಿದರು.

ಸೊಸೈಟಿಯ ಮುಂದೆ ಜಾತ್ರೆಯಷ್ಟು ಜನ. ಅಂದು ಸಹಿ ಹಾಕಿದ್ದು ನಲವತ್ತೊಂದು, ಇಂದು ಬಂದಿದ್ದವರು ಅರವತ್ತರ ಮೇಲೆ. ಮಹಾಸಭೆಗೆ ಬಾರದವರೆಲ್ಲ ತಾವೂ ಬಂದಿದ್ದೆವೆಂದು ಸಾಧಿಸುತ್ತಿದ್ದರು.

"ನನ್ನ ಸಹಿನೂ ಎಲ್ಲೋ ಅದೆ, ಸರಿಯಾಗಿ ಹುಡುಕ್ಬೇಕು" ಎಂದು ಒಬ್ಬ ಪುಸ್ತಕಕ್ಕೆ ಕೈ ಚಾಚಿದ.

"ನೀನು ಅವತ್ತು ಮಾವನ ಮನೇಲಿದ್ದೆ, ಸುಳ್ಳು ಹೇಳ್ಬೇಡ" ಎಂದ ಇನ್ನೊಬ್ಬ.

"ಹಂಗಾದ್ರೆ ಇಲ್ಲ ಅನ್ನೋದನ್ನೂ ಎಲ್ಲಾ ಪುಟ ನೋಡೇ ಹೇಳ್ಬೇಕಲ್ಲ!"

ಹೊಸ ಸಹಿ ಹಳೆಯದಕ್ಕೆ ಹೊಂದಬೇಕೆಂದು ಯಾರೋ ನಿಯಮ ಎತ್ತಿದ್ದರು. ಹಾಗಾಗಿ ಒಬ್ಬೊಬ್ಬರೂ ತಮ್ಮ ಪುಟ ಹುಡುಕಿ, ಕನ್ನಡಕ ಏರಿಸಿ, ತುಂಬ ಹೊತ್ತು ತುಲನೆ ಮಾಡಿ ಗೆರೆ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದರು. ಆ ಊರಿನಲ್ಲಿ ದಾಖಲೆಯ ಬಗ್ಗೆ ಅಷ್ಟು ಕಾಳಜಿಯನ್ನು ಮೊದಲೂ ಕಂಡವರಿಲ್ಲ, ಆಮೇಲೂ ಇಲ್ಲ. "ಏ, ನಿಂದು ಟೊಪ್ಪಿಯವನ ಮಗ್ಗುಲಲ್ಲೇ ಅದೆಯಲ್ಲ ಮಾರಾಯ!" ಎಂದು ಒಬ್ಬರು ಕೂಗಿದರೆ, "ಟೊಪ್ಪಿ ಆದ್ರೂ ಹಾಕ್ಕಂಡಿದಾನೆ, ನಿನ್ನೋನಿಗೆ ಅದೂ ಇಲ್ಲ" ಎಂದು ಉತ್ತರ ಬಂತು. ಕೆಲವು ದಿನಗಳ ಹಿಂದೆ ಉಸಿರು ಬಿಗಿಹಿಡಿದಿದ್ದ ಜನ ಈಗ ನಗುತ್ತಿದ್ದರು.

ಹೆಂಗಸರ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಚೌಡಮ್ಮ ಎಂಬ ಮುದುಕಿ ಎರಡು ಎಮ್ಮೆ ಸಾಕಿಕೊಂಡಿರುವವರು, ಓದು ಬಾರದವರು, ಅಂದು ಹೆಬ್ಬೆಟ್ಟು ಒತ್ತಿದ್ದರು. ಅವರ ಸರದಿ ಬಂದಾಗ ಮಂಜಪ್ಪ ಪುಸ್ತಕವನ್ನು ನಮ್ಮ ಬೆಂಚಿಗೇ ತಂದರು. ಹೆಬ್ಬೆಟ್ಟಿನ ಪಕ್ಕದ ಪುಟದಲ್ಲಿ ಬಟ್ಟೆ ಒಗೆಯುವ ಮುದುಕಿ ಇದ್ದಳಂತೆ. ನಾನು ನೆಲ ನೋಡುತ್ತಿದ್ದೆ.

"ಇವ್ಳಿಗೂ ನನ್ನಂಗೇ ಸೊಂಟ ಬಿದ್ದದೆ ನೋಡು ತಂಗಿ" ಎಂದು ಚೌಡಮ್ಮ ನನ್ನ ತೋಳು ತಿವಿದರು. "ಮೊಲೆನೂ ಜೋತೇ ಬಿದ್ದದೆ. ಎಷ್ಟು ಮಕ್ಕಳನ್ನ ಹೆತ್ತಳೋ ಪುಣ್ಯಾತ್ಗಿತ್ತಿ. ಹಿಂಗೆ ಕೂತಿದ್ರೆ ಚಳಿ ಆಗ್ಲಿಲ್ವನಾ ಇವ್ಳಿಗೆ?"

ನನ್ನ ಕಣ್ಣು ಎತ್ತಿದರೆ ಏಳುತ್ತಿತ್ತೋ ಏನೋ. ಅಷ್ಟರಲ್ಲಿ ಪುಟ್ಟಪ್ಪಗೌಡರು ಮೇಜು ಕುಟ್ಟಿದರು.

"ಸಹಿ ಎಲ್ಲಾ ಆಯ್ತಲ್ಲ? ಇನ್ನು ಇದನ್ನ ಒಲೆಗೆ ಹಾಕೋದು. ಯಾರದ್ದಾದ್ರೂ ಆಕ್ಷೇಪ ಅದೆಯನಾ?"

ಕಟ್ಟಡದ ಹಿಂದೆ ಹಾಲಿನ ಕ್ಯಾನು ತೊಳೆಯುವ ನೀರು ಕಾಯುತ್ತಿತ್ತು, ಹೊಗೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಗೌಡರು ಪುಸ್ತಕ ಮುಚ್ಚಿ ಎತ್ತಿಕೊಂಡರು. ನನ್ನ ಹೊಲಿಗೆ ನನಗೆ ಕಂಡಿತು. ಪಂಚೆಯ ಅಂಚಿನಿಂದ ಕುರುಡಾಗಿ ಹಾಕಿದ್ದರೂ ಒಂದೂ ಸೊಟ್ಟಾಗಿರಲಿಲ್ಲ.

"ಅದು ನಂದು" ಎಂದೆ.

ನನಗೇ ಕೇಳಿಸಲಿಲ್ಲ. ಚೌಡಮ್ಮನಿಗೆ ಕೇಳಿಸಿತು. "ಏ ಗೌಡಾ, ನಿಲ್ಲು ಮಾರಾಯ. ಈ ತಂಗಿ ಅದು ತನ್ನದು ಅಂತಾಳೆ" ಎಂದು ಅವರು ಕೂಗಿದ ರಭಸಕ್ಕೆ ಅರವತ್ತು ಮುಖಗಳೂ ನನ್ನ ಕಡೆ ತಿರುಗಿದವು. ನಿಮ್ಮ ಅಜ್ಜನ ಮಾತಿನ ಪ್ರಕಾರ ಅರವತ್ತು ಬತ್ತಲೆಗಳು, ಅವರೆದುರು ನನ್ನದೊಂದು.

ಪುಟ್ಟಪ್ಪಗೌಡರು ಒಳ್ಳೆಯವರು. ನನಗೆ ದಾರಿ ಬಿಟ್ಟುಕೊಡಲು ನೋಡಿದರು. "ಎಂಥದ್ದು ಲೀಲಮ್ಮ, ನಿಮ್ಮದು ಹ್ಯಾಂಗಾಗ್ತದೆ? ಯಾರೋ ಬೈಂಡಿಂಗಿಗೆ ಕೊಟ್ಟಿದ್ದು ಅಂತ ಹೇಳ್ಬಿಡಿ, ಮುಗೀತು."

ಮುಗಿಯುತ್ತಿತ್ತು. ಆ ಒಂದು ಸುಳ್ಳು ಬಾಗಿಲ ಸಂದಿಯ ಹಾಗೆ ನನ್ನ ಎದುರಿಗೇ ತೆರೆದಿತ್ತು. ಆದರೆ ಯಾರೋ ಕೊಟ್ಟಿದ್ದು ಎಂದ ಮೇಲೆ ಆ ಯಾರೋ ಬರುವವರೆಗೆ ಅದು ಸೊಸೈಟಿಯವರ ಬಳಿಯೇ ಇರುತ್ತಿತ್ತು, ಇಲ್ಲವೇ ಒಲೆಗೆ ಹೋಗುತ್ತಿತ್ತು. "ಯಾರೂ ಕೊಟ್ಟಿದ್ದಲ್ಲ. ಮನೇದು. ಅದರಂಥವು ಬೀರು ತುಂಬ ಇದಾವೆ" ಎಂದೆ. ಬೀರು ತುಂಬ ಎಂದು ಹೇಳುವ ಅಗತ್ಯ ಖಂಡಿತ ಇರಲಿಲ್ಲ. ಅಷ್ಟು ವರ್ಷ ಮುಚ್ಚಿದ್ದ ಬಾಯಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರಲಿಲ್ಲ.

ಆಗ ಎದ್ದವರು ಧರಣೇಂದ್ರಯ್ಯ ಎಂಬ ಹಿರಿಯ ನಿರ್ದೇಶಕರು, ಜೈನರು, ಕಡಿಮೆ ಮಾತಿನವರು. "ಸುಡೋದು ಅಂತ ಠರಾವು ಬರೆದ್ರೆ ಎಂಥದ್ದನ್ನ ಸುಟ್ವಿ ಅಂತ ಬರೀಬೇಕು. ಕೊಟ್ವಿ ಅಂತ ಬರೆದ್ರೂ ಎಂಥದ್ದನ್ನ ಕೊಟ್ವಿ ಅಂತ ಬರೀಬೇಕು. ಎರಡಕ್ಕೂ ಅಷ್ಟೇ ಶಾಯಿ. ಅವರ ವಸ್ತು ಅವರಿಗೆ ಕೊಡಿ" ಎಂದರು.

ಮಂಜಪ್ಪ ಗೆರೆ ಪುಸ್ತಕ ತೆರೆದು ಬರೆಯಲು ಕೂತರು. ವಿವರ ಎಂಬಲ್ಲಿ ಪೆನ್ನು ನಿಂತಿತು.

"ಇತರೆ ಸಾಮಾನು ಅಂತ ಬರೀಲಾ?"

"ಡಾಕ್ಟ್ರು ಓದೋ ಪುಸ್ತಕ ಅಂತ ಬರಿ" ಎಂದರು ಗೌಡರು.

"ಡಾಕ್ಟ್ರ ಪುಸ್ತಕದಲ್ಲಿ ಟೊಪ್ಪಿ ಎಂಥಕ್ಕೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ನಗು ಎದ್ದಿತು.

ಧರಣೇಂದ್ರಯ್ಯ ನನ್ನ ಕಡೆ ನೋಡಿದರು. "ಬಟ್ಟೆ ಇಲ್ಲದ ಮೈ ಅಂದ್ರೆ ಹೆದರೋ ಮನೆಯವ್ನಲ್ಲ ನಾನು. ಅದು ಬೇರೆ, ಇದು ಬೇರೆ, ಗೊತ್ತು. ಆದ್ರೂ ಇದ್ದದ್ದನ್ನ ಇದ್ದಂಗೆ ಬರೆಸಿ ಅಮ್ಮಾ."

ನಾನು ಬರೆಸಿದೆ. "ಮನುಷ್ಯರ ಮುಖಗಳ ಮತ್ತು ಬತ್ತಲೆ ಮೈಗಳ ಫೋಟೋ ಪುಸ್ತಕ, ಒಂದು. ಹಳೆಯದು. ಅಪರೂಪದ್ದು." ಮಂಜಪ್ಪ ಒಂದೊಂದು ಪದವನ್ನೂ ಮೆಲ್ಲಗೆ ತಾವೇ ಹೇಳಿಕೊಳ್ಳುತ್ತ ಬರೆದರು. ಮಾಲೀಕರ ಹೆಸರು ಎಂಬಲ್ಲಿ ಮತ್ತೆ ತಲೆ ಎತ್ತಿದರು. ನಿಮ್ಮ ಅಜ್ಜನ ಹೆಸರನ್ನು ನಾನು ಎಂದೂ ಬಾಯಿಂದ ಹೇಳಿದವಳಲ್ಲ. ನನ್ನ ಹೆಸರನ್ನೂ ಸಭೆಯಲ್ಲಿ ಹೇಳಿದವಳಲ್ಲ. ಎರಡರಲ್ಲೊಂದು ಹೇಳಲೇಬೇಕಾಗಿತ್ತು. "ಲೀಲಾವತಿ ಅಂತ ಬರೀರಿ" ಎಂದೆ.

ಸಹಿ ಹಾಕಿ ಪುಸ್ತಕ ಎದೆಗವಚಿಕೊಂಡು ಹೊರಟವಳನ್ನು ಚೌಡಮ್ಮ ಬಾಗಿಲಲ್ಲಿ ತಡೆದರು. "ನನ್ನ ಹೆಬ್ಬೆಟ್ಟು ಅಳಿಸ್ಬೇಡ ತಂಗಿ. ಆ ಮುದುಕಿ ಒಬ್ಳೇ ಕೂತಿದ್ಲು, ಜೊತೆಗೆ ಇರ್ಲಿ." ಆಮೇಲೆ ನನ್ನ ಮುಖ ನೋಡಿ, "ನೀನು ದಿನಾ ನೋಡ್ತೀಯನಾ ಇದನ್ನ?" ಎಂದರು.

"ಒಂದು ದಿನವೂ ನೋಡಿಲ್ಲಮ್ಮ" ಎಂದೆ. ಚೌಡಮ್ಮ ನಂಬಲಿಲ್ಲ. ನಂಬದೆ ನಕ್ಕರು.

ಮಕ್ಕಳೇ, ಬೀರು ಈಗ ನಿಮ್ಮದು. ಪುಸ್ತಕಗಳ ಬೆಲೆ ಬಲ್ಲವರು ಯಾರಾದರೂ ಬಂದು, ನಲವತ್ತು ಸಹಿ ಒಂದು ಹೆಬ್ಬೆಟ್ಟು ಬಿದ್ದ ಈ ಪ್ರತಿ ಕೆಟ್ಟಿದೆ ಎಂದಾರು. ಕೇಳಿಕೊಳ್ಳಿ, ಅಳಿಸಬೇಡಿ. ಲೋಕದಲ್ಲಿ ಇನ್ನೆಷ್ಟು ಪ್ರತಿ ಉಳಿದಿವೆಯೋ, ಇಂಥದು ಮಾತ್ರ ಇದೊಂದೇ.

ಅಂದು ಸೊಸೈಟಿಯಿಂದ ನಡೆದು ಬಂದು ರಸ್ತೆ ಬದಿಯ ತಂಗುದಾಣದ ಕಲ್ಲುಬೆಂಚಿನಲ್ಲಿ ಕೂತೆ. ಯಾರೂ ಇರಲಿಲ್ಲ, ಬಿಸಿಲು ಚೆನ್ನಾಗಿತ್ತು. ಪುಸ್ತಕವನ್ನು ತೊಡೆಯ ಮೇಲಿಟ್ಟು ಮೊದಲ ಹಾಳೆ ತೆರೆದೆ. ಗಡ್ಡದ ಮುದುಕ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಇಬ್ಬರಿಗೂ ಅವಸರವಿರಲಿಲ್ಲ. ಎರಡನೆಯದು, ಮೂರನೆಯದು. ಕಪ್ಪು ಎಂದರೆ ಎಷ್ಟೊಂದು ಕಪ್ಪು, ಒಬ್ಬೊಬ್ಬರ ಕಣ್ಣಿನೊಳಗೂ ಒಂದೊಂದು ಕಿಟಕಿ. ಕೋಣಂದೂರಿನ ಬಸ್ಸು ಬಂದು ನಿಂತು, ಹಾರ್ನ್ ಮಾಡಿ, ಸ್ವಲ್ಪ ಕಾದು ಹೋಯಿತು. ಮುಂದಿನದಕ್ಕೆ ಇನ್ನೊಂದು ಗಂಟೆ ಇತ್ತು. ನಾನಿನ್ನೂ ಹನ್ನೊಂದನೆಯ ಪುಟದಲ್ಲಿದ್ದೆ.